ಮಾದರಿ ಕಾರು ಮತ್ತು ಡಯೊರಾಮಾ ನಿರ್ಮಾಣ

ಮಾದರಿ ಕಾರು ಮತ್ತು ಡಯೊರಾಮಾ ನಿರ್ಮಾಣ ಎಂಬುದು ನಿಜವಾದ ವಾಹನವೊಂದನ್ನು, ಅದು ಓಡಾಡಿದ ಪರಿಸರದೊಡನೆ, ಗೊತ್ತುಪಡಿಸಿದ ಒಂದೇ ಪ್ರಮಾಣದಲ್ಲಿ ಕಿರಿದುಗೊಳಿಸಿ ರಚಿಸುವ ಹವ್ಯಾಸ. ಕಾರು, ಜೀಪು, ಲಾರಿ, ಬಸ್ಸುಗಳ ಪ್ರತಿಕೃತಿ ಇದರ ಒಂದು ಭಾಗವಾದರೆ, ಆ ವಾಹನ ನಿಂತಿರುವ ರಸ್ತೆ, ಅಂಗಡಿ, ಮರ, ಮನುಷ್ಯರನ್ನು ಒಳಗೊಂಡ ದೃಶ್ಯವನ್ನು ಕಟ್ಟುವುದು ಇನ್ನೊಂದು ಭಾಗ. ಈ ದೃಶ್ಯಕ್ಕೆ ಡಯೊರಾಮಾ ಎಂದು ಹೆಸರು. ಕನ್ನಡದಲ್ಲಿ ದೃಶ್ಯಮಾದರಿ ಎನ್ನಬಹುದು.

ಮಾದರಿ ಕಾರು ಆಟಿಕೆಯ ಕಾರಿಗಿಂತ ಭಿನ್ನವಾದುದು. ಆಟಿಕೆಯು ಕಾರಿನಂತೆ ಕಂಡರೆ ಸಾಕು, ಮಗುವಿನ ಕೈಯಲ್ಲಿ ಮುರಿಯದಿದ್ದರೆ ಮತ್ತೂ ಒಳ್ಳೆಯದು. ಮಾದರಿಯಲ್ಲಾದರೋ ಬಾಗಿಲ ಹಿಡಿಯಿಂದ ಹಿಡಿದು ಚಕ್ರದ ಅಗಲದವರೆಗೆ ಪ್ರತಿಯೊಂದೂ ಮೂಲದ ಅಳತೆಗೆ ಒಂದೇ ಅನುಪಾತದಲ್ಲಿ ಇರಬೇಕು. ಈ ಒಂದು ನಿಯಮವೇ ಹವ್ಯಾಸದ ಕಷ್ಟಕ್ಕೂ ಸೊಗಸಿಗೂ ಮೂಲ.

ಹೆಸರು ಮತ್ತು ಹಿನ್ನೆಲೆ

ಡಯೊರಾಮಾ ಎಂಬ ಪದವು ‘ಮೂಲಕ’ ಮತ್ತು ‘ನೋಟ’ ಎಂಬ ಅರ್ಥದ ಎರಡು ಗ್ರೀಕ್ ಪದಗಳಿಂದ ಬಂದಿದೆ. 1822ರಲ್ಲಿ ಪ್ಯಾರಿಸ್ ನಗರದಲ್ಲಿ ಲೂಯಿ ಡಗೇರ್ ಮತ್ತು ಶಾರ್ಲ್ ಬೂಟಾನ್ ಎಂಬ ಚಿತ್ರಕಾರರು ಈ ಹೆಸರಿನ ಪ್ರದರ್ಶನಶಾಲೆಯನ್ನು ತೆರೆದರು. ಅಲ್ಲಿ ಇದ್ದುದು ಕಿರು ಪ್ರತಿಕೃತಿಗಳಲ್ಲ. ಬೆಳಕು ಹಾಯುವ ಭಾರಿ ಬಟ್ಟೆಗಳ ಮೇಲೆ ಬರೆದ ಚಿತ್ರಗಳು. ಹಿಂದಿನಿಂದಲೂ ಮುಂದಿನಿಂದಲೂ ಬೀಳುವ ಬೆಳಕನ್ನು ಬದಲಿಸಿದಾಗ ಅದೇ ಚಿತ್ರದಲ್ಲಿ ಹಗಲು ಕಳೆದು ಸಂಜೆಯಾಗುತ್ತಿತ್ತು. ಇದೇ ಡಗೇರ್ ಮುಂದೆ ಛಾಯಾಚಿತ್ರ ಕಲೆಯ ಆದ್ಯರಲ್ಲಿ ಒಬ್ಬನೆನಿಸಿದ. ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೆ ಈ ಪದವು ವಸ್ತುಸಂಗ್ರಹಾಲಯಗಳನ್ನು ಹೊಕ್ಕಿತು. ಪ್ರಾಣಿಗಳನ್ನು ಅವುಗಳ ಕಾಡು, ಕೊಳಗಳೊಡನೆ ಗಾಜಿನ ಹಿಂದೆ ತೋರಿಸುವ ಕ್ರಮಕ್ಕೆ ಡಯೊರಾಮಾ ಎಂಬ ಹೆಸರು ನಿಂತಿತು. ಹವ್ಯಾಸಿಗಳು ಅದನ್ನು ಮೇಜಿನ ಗಾತ್ರಕ್ಕೆ ಇಳಿಸಿಕೊಂಡರು.

ಮಾದರಿ ಕಾರಿನ ಚರಿತ್ರೆ ಆಟಿಕೆ ಉದ್ಯಮದೊಡನೆ ಹೆಣೆದುಕೊಂಡಿದೆ. ಆಟಿಕೆ ರೈಲಿಗೆ ಪ್ರಸಿದ್ಧವಾಗಿದ್ದ ಬ್ರಿಟನ್ನಿನ ಫ್ರಾಂಕ್ ಹಾರ್ನ್‌ಬಿಯ ಸಂಸ್ಥೆಯು ರೈಲಿನ ಪಕ್ಕದಲ್ಲಿ ಇಡಲೆಂದು ಲೋಹದ ಪುಟ್ಟ ವಾಹನಗಳನ್ನು ತಯಾರಿಸಿತು. ಅವು 1934ರಿಂದ ಡಿಂಕಿ ಟಾಯ್ಸ್ ಎಂಬ ಹೆಸರಿನಲ್ಲಿ ಮಾರಾಟವಾದವು. 1953ರಲ್ಲಿ ಲೆಸ್ನಿ ಸಂಸ್ಥೆಯ ಮ್ಯಾಚ್‌ಬಾಕ್ಸ್ ಕಾರುಗಳು ಬಂದವು. ಬೆಂಕಿಪೆಟ್ಟಿಗೆಯಲ್ಲಿ ಹಿಡಿಸುವಂಥ ಆಟಿಕೆಯನ್ನು ಮಾತ್ರ ಶಾಲೆಗೆ ತರಬಹುದೆಂಬ ನಿಯಮವಿದ್ದುದರಿಂದ ಸಂಸ್ಥೆಯ ಪಾಲುದಾರ ಜಾಕ್ ಓಡೆಲ್ ತನ್ನ ಮಗಳಿಗಾಗಿ ಪುಟ್ಟ ರೋಡ್ ರೋಲರ್ ಒಂದನ್ನು ಮಾಡಿಕೊಟ್ಟುದೇ ಅವುಗಳ ಹುಟ್ಟಿಗೆ ಕಾರಣ. 1968ರಲ್ಲಿ ಅಮೆರಿಕದ ಮ್ಯಾಟೆಲ್ ಸಂಸ್ಥೆಯ ಹಾಟ್ ವೀಲ್ಸ್ ಮಾರುಕಟ್ಟೆಗೆ ಬಂದಿತು. ಇವೆಲ್ಲ ಎರಕದ, ಸಿದ್ಧ ಕಾರುಗಳು. ಬಿಡಿಭಾಗಗಳನ್ನು ಪೆಟ್ಟಿಗೆಯಲ್ಲಿ ಕೊಟ್ಟು ಕೊಂಡವರೇ ಜೋಡಿಸಿ ಬಣ್ಣ ಬಳಿಯುವ ಪ್ಲಾಸ್ಟಿಕ್ ಕಿಟ್‌ಗಳು ಎರಡನೆಯ ಮಹಾಯುದ್ಧದ ಬಳಿಕ ಹರಡಿದವು. ಬ್ರಿಟನ್ನಿನ ಏರ್‌ಫಿಕ್ಸ್, ಅಮೆರಿಕದ ಎಎಂಟಿ ಮತ್ತು ರೆವೆಲ್, ಜಪಾನಿನ ತಮಿಯಾ ಇವುಗಳಲ್ಲಿ ಹೆಸರಾದವು.

ಭಾರತದಲ್ಲಿ

ಭಾರತಕ್ಕೆ ಮೊದಲು ಬಂದುದು ಎರಕದ ಕಾರು. ಡಿಂಕಿಯ ಕೆಲವು ಹಳೆಯ ಅಚ್ಚುಗಳು ಕಲ್ಕತ್ತಕ್ಕೆ ಬಂದು, ಅವುಗಳಿಂದ ತೆಗೆದ ಕಾರುಗಳು ನಿಕಿ ಟಾಯ್ಸ್ ಎಂಬ ಹೆಸರಿನಲ್ಲಿ ಮಾರಾಟವಾದವು. 1980ರ ದಶಕದಲ್ಲಿ ಲಿಯೋ ಎಂಬ ಹೆಸರಿನಲ್ಲಿ ಹಾಟ್ ವೀಲ್ಸ್ ಕಾರುಗಳು ಇಲ್ಲಿಯೇ ತಯಾರಾದವು. ಹಿಂದಕ್ಕೆಳೆದು ಬಿಟ್ಟರೆ ಮುಂದಕ್ಕೋಡುವ ಸೆಂಟಿ ಟಾಯ್ಸ್‌ನ ಪ್ಲಾಸ್ಟಿಕ್ ಅಂಬಾಸಿಡರ್, ಆಟೋ, ಬಸ್ಸುಗಳನ್ನು ಜಾತ್ರೆಯ ಅಂಗಡಿಗಳಲ್ಲಿ ಕಾಣದವರು ವಿರಳ. ಅವು ಆಟಿಕೆಗಳೇ ಆದರೂ ಭಾರತದ ರಸ್ತೆಯ ವಾಹನಗಳನ್ನು ರೂಪಿಸುವ ಕಾರಣ ಹವ್ಯಾಸಿಗಳು ಅವನ್ನು ಕೊಂಡು, ಬಿಚ್ಚಿ, ತಿದ್ದಿ, ಮರುಬಣ್ಣ ಬಳಿದು ಮಾದರಿಯ ಮಟ್ಟಕ್ಕೆ ಏರಿಸುವುದುಂಟು.

ಕಿಟ್‌ಗಳು ಬಹುಮಟ್ಟಿಗೆ ಹೊರದೇಶಗಳಿಂದಲೇ ಬರಬೇಕು. ಸುಂಕದ ವರ್ಗೀಕರಣದಲ್ಲಿ ಗೊಂಬೆ, ತ್ರಿಚಕ್ರ ಸೈಕಲ್ಲುಗಳೊಡನೆ ಕಿರು ಪ್ರಮಾಣದ ಮಾದರಿಗಳೂ 9503 ಎಂಬ ಒಂದೇ ಶೀರ್ಷಿಕೆಯಡಿ ಸೇರಿವೆ. ಆದ್ದರಿಂದ ಆಟಿಕೆಗಳ ಆಮದು ಸುಂಕವು 2020ರಲ್ಲಿ ಶೇ. 20ರಿಂದ 60ಕ್ಕೂ 2023ರಲ್ಲಿ ಶೇ. 70ಕ್ಕೂ ಏರಿದಾಗ, ದೇಶೀ ಆಟಿಕೆ ಉದ್ಯಮದ ರಕ್ಷಣೆಗೆಂದು ಕೈಗೊಂಡ ಆ ಕ್ರಮದ ಹೊರೆ ವಯಸ್ಕರ ಈ ಹವ್ಯಾಸದ ಮೇಲೂ ಬಿದ್ದಿತು.

ಬೆಲೆಗಿಂತ ಮೂಲಭೂತವಾದ ಕೊರತೆ ಇನ್ನೊಂದಿದೆ. ಹೊರದೇಶದ ಕಿಟ್‌ಗಳ ಪಟ್ಟಿಯಲ್ಲಿ ತುಂಬಿರುವುದು ಆಯಾ ದೇಶದ ಕಾರುಗಳು. ಕನ್ನಡ ನಾಡಿನ ರಸ್ತೆಗಳಲ್ಲಿ ದಶಕಗಟ್ಟಲೆ ಓಡಿದ ಮ್ಯಾಟಡೋರ್ ವ್ಯಾನು, ಸರಕು ಲಾರಿ, ಕೆಂಪು ಬಸ್ಸುಗಳನ್ನು ಅಲ್ಲಿ ಹುಡುಕಿ ಫಲವಿಲ್ಲ. ಬೆಂಗಳೂರಿನಲ್ಲಿಯೇ ತಯಾರಾದ ಮೂರು ಚಕ್ರದ ಬಾದಲ್, ಅನಂತರ ಸಿಪಾನಿ ಸಂಸ್ಥೆಯ ಡಾಲ್ಫಿನ್ ಎಂಬ ಫೈಬರ್ ಮೈಯ ಪುಟ್ಟ ಕಾರುಗಳನ್ನು ಇಂದಿನ ವಿದ್ಯಾರ್ಥಿಗಳಲ್ಲಿ ಕಂಡವರೇ ಇರಲಾರರು. ಇಂಥ ವಾಹನದ ಮಾದರಿ ಬೇಕೆಂದರೆ ಅಳೆದು, ನಕ್ಷೆ ಬರೆದು, ಹಾಳೆ ಕತ್ತರಿಸಿ ಸ್ವತಃ ಕಟ್ಟಬೇಕು. ಅಳೆಯಲು ಮೂಲ ವಾಹನ ಉಳಿದಿರಬೇಕಷ್ಟೆ. ಅಂಬಾಸಿಡರ್ ಮತ್ತು ಮಾರುತಿ 800 ಎರಡರ ತಯಾರಿಕೆಯೂ 2014ರಲ್ಲಿ ನಿಂತಿತು. ಹದಿನೈದು ವರ್ಷ ಮೀರಿದ ಸರ್ಕಾರಿ ವಾಹನಗಳ ನೋಂದಣಿಯನ್ನು 2023ರ ಏಪ್ರಿಲ್ 1ರಿಂದ ರದ್ದುಗೊಳಿಸುವ ನಿಯಮ ಬಂದ ಮೇಲೆ ಕಚೇರಿಗಳ ಅಂಗಳದಲ್ಲಿ ನಿಂತಿದ್ದ ಹಳೆಯ ಜೀಪು, ಕಾರುಗಳು ಗುಜರಿಯ ದಾರಿ ಹಿಡಿದವು. ಹೀಗಾಗಿ ಮಾದರಿಕಾರನ ಟಿಪ್ಪಣಿ ಪುಸ್ತಕದಲ್ಲಿರುವ ಅಳತೆಗಳಿಗೆ ಹವ್ಯಾಸವನ್ನು ಮೀರಿದ ಬೆಲೆಯಿದೆ.

ಗೊಂಬೆ ಹಬ್ಬದ ಸಾಮ್ಯ ಮತ್ತು ಭೇದ

ಹಳೆಯ ಮೈಸೂರು ಸೀಮೆಯ ಮನೆಗಳಿಗೆ ಡಯೊರಾಮಾ ತೀರ ಹೊಸ ಕಲ್ಪನೆಯೇನಲ್ಲ. ದಸರೆಯ ಗೊಂಬೆ ಹಬ್ಬದಲ್ಲಿ ಮೆಟ್ಟಿಲುಗಳ ಮೇಲೆ ಪಟ್ಟದ ಗೊಂಬೆಗಳನ್ನು ಕೂರಿಸಿ, ಕೆಳಗೆ ನೆಲದ ಮೇಲೆ ಮಣ್ಣು ಹರಡಿ ರಾಗಿ ಮೊಳಕೆ ಬರಿಸಿ ‘ಪಾರ್ಕು’ ಕಟ್ಟುತ್ತಾರೆ. ಅದರಲ್ಲಿ ಕೆರೆ, ಬೆಟ್ಟ, ರಸ್ತೆ, ಸಂತೆ, ಮದುವೆ ದಿಬ್ಬಣ ಎಲ್ಲವೂ ಇರುತ್ತವೆ. ಚನ್ನಪಟ್ಟಣದ ಅರಗಿನ ಬಣ್ಣದ ಮರದ ಗೊಂಬೆಗಳೂ ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆಗಳೂ ಇಂಥ ಸಾಲುಗಳಲ್ಲಿ ಸ್ಥಾನ ಪಡೆಯುತ್ತವೆ.

ಆದರೆ ಗೊಂಬೆ ಹಬ್ಬದ ದೃಶ್ಯಕ್ಕೆ ಪ್ರಮಾಣದ ಕಟ್ಟುಪಾಡಿಲ್ಲ. ಅಲ್ಲಿ ಆನೆಗಿಂತ ಕಾರು ದೊಡ್ಡದಿರಬಹುದು, ಮನೆಗಿಂತ ಮಾವುತ ಎತ್ತರವಿರಬಹುದು, ಯಾರೂ ಆಕ್ಷೇಪಿಸುವುದಿಲ್ಲ. ಅಲ್ಲಿ ಗಾತ್ರವು ಕಥೆಯಲ್ಲಿ ಆ ಗೊಂಬೆಗಿರುವ ಮಹತ್ವವನ್ನೋ ಮನೆಯಲ್ಲಿ ಅದಕ್ಕಿರುವ ವಯಸ್ಸನ್ನೋ ಅನುಸರಿಸುತ್ತದೆ. ಡಯೊರಾಮಾದಲ್ಲಿ ಗಾತ್ರವನ್ನು ನಿರ್ಧರಿಸುವುದು ಅಳತೆಕೋಲು ಮಾತ್ರ. ಎರಡೂ ನೋಡುವವರಿಗೆ ಲೋಕವೊಂದನ್ನು ಕಟ್ಟಿಕೊಡುತ್ತವೆ. ಶಾಲಾ ವಸ್ತುಪ್ರದರ್ಶನಗಳಲ್ಲಿ ಮಕ್ಕಳು ಮಾಡುವ ಥರ್ಮೋಕೋಲ್ ಮಾದರಿಗಳು ಹೆಚ್ಚಾಗಿ ಮೊದಲನೆಯ ಸಂಪ್ರದಾಯಕ್ಕೆ ಸೇರಿದವು. ಅಣೆಕಟ್ಟಿನ ಮೇಲೆ ನಿಲ್ಲಿಸಿದ ಲಾರಿ ಅಣೆಕಟ್ಟಿನ ಅರ್ಧ ಎತ್ತರವಿರುವುದು ಅಲ್ಲಿ ಸಾಮಾನ್ಯ ನೋಟ. ಪ್ರಮಾಣದ ಪಾಠವನ್ನು ಗಣಿತದ ತರಗತಿಯಲ್ಲಿ ಕಲಿತ ಮಕ್ಕಳೇ ಅದನ್ನು ಮಾಡಿರುತ್ತಾರೆಂಬುದು ಗಮನಿಸತಕ್ಕದ್ದು.

ಪ್ರಮಾಣ

ಪ್ರಮಾಣವನ್ನು 1:24 ಎಂಬಂತೆ ಬರೆಯುತ್ತಾರೆ. ಮೂಲ ವಸ್ತುವಿನ 24 ಮಿಲಿಮೀಟರು ಮಾದರಿಯಲ್ಲಿ 1 ಮಿಲಿಮೀಟರು ಎಂದು ಇದರ ಅರ್ಥ. ಕಾರುಗಳಲ್ಲಿ 1:18, 1:24, 1:25, 1:43 ಮತ್ತು 1:64 ಹೆಚ್ಚು ಬಳಕೆಯಲ್ಲಿವೆ. ಈ ಸಂಖ್ಯೆಗಳು ವಿಚಿತ್ರವಾಗಿ ತೋರುವುದಕ್ಕೆ ಅಡಿ, ಅಂಗುಲಗಳ ಲೆಕ್ಕವೇ ಕಾರಣ. ಒಂದು ಅಡಿಗೆ ಅರ್ಧ ಅಂಗುಲ ಹಿಡಿದರೆ 1:24 ಆಗುತ್ತದೆ, ಅಡಿಗೆ 7 ಮಿಲಿಮೀಟರು ಹಿಡಿದ ಆಟಿಕೆ ರೈಲಿನ ಲೆಕ್ಕದಿಂದ 1:43 ಬಂದಿತು, ಅಡಿಗೆ 3.5 ಮಿಲಿಮೀಟರಿನಿಂದ 1:87.

ಅಂಬಾಸಿಡರ್ ಕಾರಿನ ಉದ್ದ 4,325 ಮಿ.ಮೀ., ಅಗಲ 1,662 ಮಿ.ಮೀ., ಎತ್ತರ 1,593 ಮಿ.ಮೀ. ಅದರ ಮಾದರಿಯು 1:18ರಲ್ಲಿ ಸುಮಾರು 240 ಮಿ.ಮೀ., 1:24ರಲ್ಲಿ 180 ಮಿ.ಮೀ., 1:43ರಲ್ಲಿ 100 ಮಿ.ಮೀ., 1:64ರಲ್ಲಿ 68 ಮಿ.ಮೀ. ಉದ್ದವಿರುತ್ತದೆ. ಕೈಯಲ್ಲಿ ಹಿಡಿದು ವಿವರಗಳನ್ನು ಕೊರೆಯಲು 1:24 ಅನುಕೂಲ. ಇಡೀ ಬಸ್ ನಿಲ್ದಾಣವನ್ನು ತೋರಿಸುವ ಆಸೆಯಿದ್ದವರಿಗೆ 1:64 ಅಥವಾ 1:87 ಲೇಸು. ಅಂಗಡಿಯಲ್ಲಿ ಸಿಗುವ ಪುಟ್ಟ ಎರಕದ ಕಾರುಗಳನ್ನು 1:64 ಎಂದು ಕರೆಯುವುದು ರೂಢಿಯಾದರೂ ಒಂದೇ ಅಳತೆಯ ಪೊಟ್ಟಣದಲ್ಲಿ ಹಿಡಿಸಲೆಂದು ಬಸ್ಸನ್ನೂ ಕಾರನ್ನೂ ಹೆಚ್ಚುಕಡಿಮೆ ಸಮನಾದ ಉದ್ದಕ್ಕೆ ಇಳಿಸಿರುತ್ತಾರೆ. ಅವನ್ನು ಅಕ್ಕಪಕ್ಕ ಇಟ್ಟು ದೃಶ್ಯ ಕಟ್ಟುವ ಮೊದಲು ಒಮ್ಮೆ ಅಳೆದು ನೋಡುವುದು ಒಳ್ಳೆಯದು.

ಉದ್ದ 24ನೇ ಒಂದು ಭಾಗವಾದಾಗ ಮೇಲ್ಮೈ 576ನೇ ಒಂದು ಭಾಗವೂ ಘನಗಾತ್ರ 13,824ನೇ ಒಂದು ಭಾಗವೂ ಆಗುತ್ತದೆ. ಇದರ ಪರಿಣಾಮ ಟೈರಿನಲ್ಲಿ ಕಾಣುತ್ತದೆ. ಟನ್ನಿಗೂ ಮಿಕ್ಕ ಭಾರದ ಕಾರನ್ನು ಹೊತ್ತ ಟೈರು ನೆಲಕ್ಕೆ ತಾಗುವಲ್ಲಿ ಚಪ್ಪಟೆಯಾಗಿ ಬದಿಗಳಲ್ಲಿ ಉಬ್ಬಿರುತ್ತದೆ. ಮಾದರಿಯ ತೂಕ ಎಷ್ಟೂ ಅಲ್ಲದ್ದರಿಂದ ಅದರ ಟೈರು ಗುಂಡಗೇ ಉಳಿದು ಕಾರು ನೆಲದ ಮೇಲೆ ತೇಲುವಂತೆ ಕಾಣುತ್ತದೆ. ಟೈರಿನ ಅಡಿಯನ್ನು ಎಮರಿ ಕಾಗದದ ಮೇಲೆ ತುಸುವೇ ಉಜ್ಜಿ ಚಪ್ಪಟೆ ಮಾಡಿದರೆ ಕಾರು ತಟ್ಟನೆ ನೆಲಕ್ಕೆ ಕೂರುತ್ತದೆ.

ಅಳತೆ ಸಂಗ್ರಹ

ಸ್ವತಃ ಕಟ್ಟುವ ಮಾದರಿಗೆ ಮೊದಲ ಹೆಜ್ಜೆ ನಿಂತ ವಾಹನವನ್ನು ಮಾಲೀಕರ ಒಪ್ಪಿಗೆ ಪಡೆದು ಟೇಪಿನಿಂದ ಅಳೆಯುವುದು. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಣ ಅಂತರ, ಬಾಗಿಲಿನ ಅಗಲ, ಗಾಜಿನ ಎತ್ತರ, ನೆಲದಿಂದ ಬಂಪರಿನ ಎತ್ತರ ಇವು ಮುಖ್ಯ. ಎಲ್ಲವನ್ನೂ ಅಳೆಯಲಾಗದೆಡೆ ಛಾಯಾಚಿತ್ರ ನೆರವಾಗುತ್ತದೆ. ಕಾರಿನ ಪಕ್ಕಕ್ಕೆ ನೇರವಾಗಿ, ಆದಷ್ಟು ದೂರ ನಿಂತು ಜೂಮ್ ಬಳಸಿ ಚಿತ್ರ ತೆಗೆಯಬೇಕು. ಹತ್ತಿರದಿಂದ ತೆಗೆದ ಚಿತ್ರದಲ್ಲಿ ಮೂತಿ ದೊಡ್ಡದಾಗಿ ಬಾಲ ಕಿರಿದಾಗುತ್ತದೆ. ಅಂಥ ಚಿತ್ರದಿಂದ ಅಳತೆ ತೆಗೆಯಲಾಗದು.

ಅಂಬಾಸಿಡರಿನ ಚಕ್ರಾಂತರ 2,464 ಮಿ.ಮೀ. ಮುದ್ರಿಸಿದ ಚಿತ್ರದಲ್ಲಿ ಅದು 154 ಮಿ.ಮೀ. ಬಂದಿದೆಯೆಂದು ಇಟ್ಟುಕೊಂಡರೆ, ಚಿತ್ರದ 1 ಮಿ.ಮೀ. ಮೂಲದ 16 ಮಿ.ಮೀ.ಗೆ ಸಮ. ಚಿತ್ರದಲ್ಲಿ 8 ಮಿ.ಮೀ. ಇರುವ ಬಾಗಿಲ ಹಿಡಿ ನಿಜದಲ್ಲಿ 128 ಮಿ.ಮೀ.; 1:24ರ ಮಾದರಿಯಲ್ಲಿ 5.3 ಮಿ.ಮೀ. ಇಷ್ಟು ತ್ರೈರಾಶಿ ಬಲ್ಲ ಪ್ರೌಢಶಾಲಾ ವಿದ್ಯಾರ್ಥಿ ಇಡೀ ಕಾರಿನ ನಕ್ಷೆಯನ್ನು ಗ್ರಾಫ್ ಹಾಳೆಯ ಮೇಲೆ ಇಳಿಸಬಲ್ಲ.

ಅಳೆಯುವಾಗ ವಾಹನದ ಪೀಳಿಗೆಯನ್ನೂ ಗುರುತಿಸಿಕೊಳ್ಳಬೇಕು. ಹೊರಗಿನವರಿಗೆ ಅಂಬಾಸಿಡರ್ ಬದಲಾಗದ ಕಾರು. ಆದರೆ 1962ರ ಮಾರ್ಕ್ 2ರಲ್ಲಿ ಮುಂಭಾಗದ ಜಾಲರಿ ಬದಲಾಯಿತು, ಮುಂದಿನ ಮಾರ್ಕ್‌ಗಳಲ್ಲಿ ಮತ್ತೆ ಬದಲಾಯಿತು. ಒಂದರ ಮೂತಿಗೆ ಇನ್ನೊಂದರ ಹಿಂದಿನ ದೀಪ ಜೋಡಿಸಿದ ಮಾದರಿಯನ್ನು ಹಳೆಯ ಚಾಲಕರು ಕ್ಷಣದಲ್ಲಿ ಪತ್ತೆಹಚ್ಚುತ್ತಾರೆ.

ಸಾಮಗ್ರಿ

ಕಿಟ್‌ನ ಭಾಗಗಳು ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿನವು. ಅವನ್ನು ಅಂಟಿಸುವ ದ್ರವವು ನಿಜದಲ್ಲಿ ಅಂಟಲ್ಲ. ಎರಡೂ ಮೇಲ್ಮೈಗಳನ್ನು ಕರಗಿಸಿ ಒಂದಾಗಿ ಬೆಸೆಯುವ ದ್ರಾವಕ. ಫೆವಿಕ್ವಿಕ್‌ನಂಥ ಕ್ಷಿಪ್ರ ಅಂಟು ಲೋಹ, ರಬ್ಬರುಗಳಿಗೆ ತಕ್ಕುದು. ಗಾಜಿನ ಬಳಿ ಮಾತ್ರ ಅದನ್ನು ಬಳಸಬಾರದು, ಅದರ ಆವಿಯಿಂದ ಪಾರದರ್ಶಕ ಪ್ಲಾಸ್ಟಿಕ್ ಮಂಜು ಹಿಡಿದಂತಾಗುತ್ತದೆ. ಕಿಟಕಿಗಳಿಗೆ ಫೆವಿಕಾಲ್‌ನಂಥ ಬಿಳಿ ಅಂಟೇ ಕ್ಷೇಮ.

ಸ್ವತಃ ಕಟ್ಟುವವರಿಗೆ ಬೇಕಾದ ಬಹುಪಾಲು ವಸ್ತುಗಳು ತಾಲ್ಲೂಕು ಕೇಂದ್ರದ ಸ್ಟೇಷನರಿ, ಹಾರ್ಡ್‌ವೇರ್ ಮತ್ತು ಬಣ್ಣದ ಅಂಗಡಿಗಳಲ್ಲಿ ದೊರೆಯುತ್ತವೆ. ಫಲಕ ಬರೆಯುವವರು ಬಳಸುವ ಸನ್‌ಬೋರ್ಡ್ ಹಾಳೆ ಗೋಡೆ, ನೆಲಗಳಿಗೆ ಆಗುತ್ತದೆ. ಎಂ-ಸೀಲ್ ಕಲೆಸಿ ಬಾನೆಟ್ಟಿನ ಉಬ್ಬು, ಮಡ್‌ಗಾರ್ಡಿನ ತಿರುವುಗಳನ್ನು ಮೆತ್ತಬಹುದು. ಗಟ್ಟಿಯಾದ ಮೇಲೆ ಅದು ಉಜ್ಜಲು, ಕೊರೆಯಲು ಒದಗುತ್ತದೆ. ಪಾರದರ್ಶಕ ಪ್ರಾಜೆಕ್ಟರ್ ಹಾಳೆ ಕಿಟಕಿಯ ಗಾಜಾಗುತ್ತದೆ. ಸುಟ್ಟುಹೋದ ಮೋಟಾರಿನ ತಾಮ್ರದ ತಂತಿ ಬಾಗಿಲ ಹಿಡಿಗೂ ವೈಪರಿಗೂ ಇಂಜಿನ್ನಿನ ವೈರುಗಳಿಗೂ ಒದಗುತ್ತದೆ. ಥರ್ಮೋಕೋಲ್ ಹಗುರ, ಅಗ್ಗ. ಆದರೆ ದ್ರಾವಕವಿರುವ ಸ್ಪ್ರೇ ಬಣ್ಣ ತಗುಲಿದರೆ ಕರಗಿ ಗುಂಡಿಬೀಳುತ್ತದೆ. ಮೊದಲು ಬಿಳಿ ಅಂಟಿನ ಲೇಪ ಕೊಟ್ಟು ಒಣಗಿಸಿ, ಅದರ ಮೇಲೆ ನೀರಿನಲ್ಲಿ ಕರಗುವ ಬಣ್ಣವನ್ನಷ್ಟೇ ಬಳಿಯಬೇಕು. ಇತ್ತೀಚೆಗೆ ಕಂಪ್ಯೂಟರಿನಲ್ಲಿ ರೂಪಿಸಿ ತ್ರಿವಿಮ ಮುದ್ರಣದಿಂದ ಭಾಗಗಳನ್ನು ಪಡೆಯುವುದು ಹೆಚ್ಚುತ್ತಿದೆ. ನಕ್ಷೆಯ ಅಳತೆ ತಪ್ಪಿದ್ದರೆ ಮುದ್ರಿತ ಭಾಗವೂ ತಪ್ಪೇ ಆಗುವುದರಿಂದ ಟೇಪು ಹಿಡಿಯುವ ಕೆಲಸ ಇಲ್ಲಿಯೂ ತಪ್ಪಿದ್ದಲ್ಲ.

ದ್ರಾವಕ, ಸ್ಪ್ರೇ ಬಣ್ಣಗಳನ್ನು ಗಾಳಿಯಾಡುವ ಕಡೆಯೇ ಬಳಸಬೇಕು. ಉಜ್ಜುವಾಗ ಮುಖಗವಸು ಹಾಕಿಕೊಳ್ಳುವುದೂ ಚಾಕುವನ್ನು ಮೈಯಿಂದ ಹೊರಮುಖವಾಗಿ ನಡೆಸುವುದೂ ಮಕ್ಕಳಿಗೆ ಮೊದಲ ದಿನವೇ ಹೇಳಿಕೊಡಬೇಕಾದ ಸಂಗತಿಗಳು.

ಬಣ್ಣ

ಮಾದರಿ ಹಾಳಾಗುವುದು ಬಹುಸಾರಿ ಬಣ್ಣದ ಹಂತದಲ್ಲಿ, ಅದೂ ದಪ್ಪವಾಗಿ ಬಳಿಯುವುದರಿಂದ. ಮಾದರಿಯ ಮೇಲೆ 0.1 ಮಿ.ಮೀ. ದಪ್ಪದ ಬಣ್ಣ ಕುಳಿತರೆ 1:24ರಲ್ಲಿ ಅದು 2.4 ಮಿ.ಮೀ. ದಪ್ಪದ ಲೇಪಕ್ಕೆ ಸಮ. ಬಾಗಿಲುಗಳ ಸಂದು ಮುಚ್ಚಿಹೋಗಿ ಕಾರು ಸಕ್ಕರೆ ಅಚ್ಚಿನಂತೆ ಕಾಣತೊಡಗುತ್ತದೆ. ಭಾಗಗಳನ್ನು ಸೋಪಿನ ನೀರಿನಲ್ಲಿ ತೊಳೆದು, ನಯವಾದ ಎಮರಿ ಕಾಗದದಿಂದ ಉಜ್ಜಿ, ಪ್ರೈಮರ್ ಹಾಕಿ, ಅನಂತರ ತೆಳುವಾದ ಹಲವು ಲೇಪಗಳನ್ನು ಒಂದೊಂದನ್ನೂ ಒಣಗಲು ಬಿಟ್ಟು ಕೊಡುವುದು ಸರಿಯಾದ ಕ್ರಮ.

ಬಣ್ಣದ ಛಾಯೆಯ ಬಗ್ಗೆ ಹವ್ಯಾಸಿಗಳಲ್ಲಿ ಭಿನ್ನಾಭಿಪ್ರಾಯವಿದೆ. ದೂರದ ವಸ್ತು ಗಾಳಿಯ ಪದರದ ಆಚೆ ತಿಳಿಯಾಗಿ ಕಾಣುವುದರಿಂದ ಮಾದರಿಯ ಬಣ್ಣವನ್ನೂ ಮೂಲಕ್ಕಿಂತ ತುಸು ತಿಳಿಗೊಳಿಸಬೇಕೆಂದು ಒಂದು ಪಕ್ಷ. ಮೂಲದ ಬಣ್ಣವೇ ಇರಲಿ, ಬೆಳಕು ಉಳಿದುದನ್ನು ನೋಡಿಕೊಳ್ಳುತ್ತದೆಂದು ಇನ್ನೊಂದು. ದಟ್ಟ ಕಪ್ಪು ಮತ್ತು ಅಪ್ಪಟ ಬಿಳಿ ಮಾತ್ರ ಪುಟ್ಟ ಮಾದರಿಯಲ್ಲಿ ಕಣ್ಣಿಗೆ ಹೊಡೆಯುತ್ತವೆಂಬುದರಲ್ಲಿ ಎರಡು ಪಕ್ಷಗಳೂ ಒಂದೇ.

ಹೊಸ ಕಾರನ್ನು ಹಳತು ಮಾಡುವುದು ಪ್ರತ್ಯೇಕ ವಿದ್ಯೆ. ತೆಳುವಾದ ಕಂದು ಬಣ್ಣದ ನೀರನ್ನು ಸಂದುಗಳಿಗೆ ಹರಿಸುವುದು, ಸ್ಪಂಜಿನ ಚೂರಿನಿಂದ ಬಣ್ಣ ಎದ್ದ ಗುರುತು ಮೂಡಿಸುವುದು, ಪುಡಿಬಣ್ಣದಿಂದ ಧೂಳು ಹಿಡಿಸುವುದು ಇದರ ಮುಖ್ಯ ವಿಧಾನಗಳು. ಇಲ್ಲಿ ಊರಿನ ಹವಾಮಾನ ತಿಳಿದಿರಬೇಕು. ಮಂಗಳೂರಿನ ಕಾರು ಉಪ್ಪುಗಾಳಿ, ಮಳೆಗಳಿಂದ ಬಾಗಿಲಿನ ತಳದಲ್ಲಿ, ಚಕ್ರದ ಕಮಾನಿನಲ್ಲಿ ತುಕ್ಕು ಹಿಡಿಯುತ್ತದೆ. ಮಳೆ ಕಡಿಮೆಯಿರುವ ಚಿತ್ರದುರ್ಗ ಸೀಮೆಯ ಕಾರಿಗೆ ತುಕ್ಕಿಗಿಂತ ಬಿಸಿಲೇ ಶತ್ರು: ಟಾಪು ಮತ್ತು ಬಾನೆಟ್ಟಿನ ಬಣ್ಣ ಕಳೆಗುಂದಿರುತ್ತದೆ, ಬದಿಗಳಲ್ಲಿ ಅದೇ ಬಣ್ಣ ಇನ್ನೂ ಗಾಢವಾಗಿರುತ್ತದೆ, ಕೆಳಗೆಲ್ಲ ಧೂಳು ಕುಳಿತಿರುತ್ತದೆ. ಊರು ಯಾವುದೆಂದು ನೋಡದೆ ಎಲ್ಲ ಕಾರಿಗೂ ತುಕ್ಕು ಬಳಿಯುವುದು ವಿದೇಶೀ ಕೈಪಿಡಿಗಳನ್ನು ಕಣ್ಣುಮುಚ್ಚಿ ಅನುಸರಿಸಿದುದರ ಫಲ.

ದೃಶ್ಯ ನಿರ್ಮಾಣ: ಚಿತ್ರದುರ್ಗ ಜಿಲ್ಲೆಯ ಒಂದು ಉದಾಹರಣೆ

ಡಯೊರಾಮಾಕ್ಕೆ ವಿಷಯ ಆರಿಸುವಾಗ ದಿನವೂ ಕಣ್ಣಿಗೆ ಬೀಳುವ ಸ್ಥಳವೇ ಮೇಲು. ಸಂದೇಹ ಬಂದರೆ ಹೋಗಿ ಅಳೆದು ಬರಬಹುದು. ಚಿತ್ರದುರ್ಗ ಜಿಲ್ಲೆಯು ಹೆದ್ದಾರಿಗಳ ಜಿಲ್ಲೆಯಾದುದರಿಂದ ವಾಹನ ದೃಶ್ಯಗಳಿಗೆ ಅಲ್ಲಿ ಬರವಿಲ್ಲ. ಬೆಂಗಳೂರು–ಪುಣೆ ಹೆದ್ದಾರಿಯು ಹಿರಿಯೂರು ಮತ್ತು ಚಿತ್ರದುರ್ಗಗಳನ್ನು ಹಾದುಹೋಗುತ್ತದೆ. ಚಿತ್ರದುರ್ಗದಿಂದ ಶಿವಮೊಗ್ಗದ ರಸ್ತೆ ಹೊಳಲ್ಕೆರೆಯ ಮೇಲೆ ಹೋಗುತ್ತದೆ.

ಹಿರಿಯೂರಿನ ಬಳಿ ಹೆದ್ದಾರಿಯ ಪಕ್ಕದ ಟೀ ಅಂಗಡಿ, ಅದರ ಮುಂದೆ ನಿಂತ ಅಂಬಾಸಿಡರ್, ಈರುಳ್ಳಿ ಚೀಲ ಹೇರಿದ ಲಾರಿ ಎಂಬ ದೃಶ್ಯವನ್ನು 1:24ರಲ್ಲಿ ಕಟ್ಟುವುದಾದರೆ ಲೆಕ್ಕ ಹೀಗೆ ಬರುತ್ತದೆ. ಎರಡು ಪಥದ ಹಳೆಯ ಡಾಂಬರು ರಸ್ತೆಯ ಅಗಲ 7 ಮೀಟರು, ಅಂದರೆ ಹಲಗೆಯ ಮೇಲೆ 29 ಸೆಂಟಿಮೀಟರು. ರಸ್ತೆಯೊಂದೇ ಹಲಗೆಯನ್ನು ನುಂಗಿಬಿಡುವುದರಿಂದ ಅದರ ಅರ್ಧವನ್ನಷ್ಟೇ ತೋರಿಸಿ ಉಳಿದುದನ್ನು ಹಲಗೆಯ ಅಂಚಿನಲ್ಲಿ ಕತ್ತರಿಸುವುದು ವಾಡಿಕೆ. 165 ಸೆಂ.ಮೀ. ಎತ್ತರದ ಮನುಷ್ಯ 69 ಮಿ.ಮೀ. ಆಗುತ್ತಾನೆ, 45 ಸೆಂ.ಮೀ. ಎತ್ತರದ ಬೆಂಚು 19 ಮಿ.ಮೀ.; 8 ಸೆಂ.ಮೀ. ಎತ್ತರದ ಟೀ ಲೋಟ 3.3 ಮಿ.ಮೀ. ಆ ಲೋಟವನ್ನು ಗಾಜಿನಂತೆ ಕಾಣುವ ಪ್ಲಾಸ್ಟಿಕ್ ಕಡ್ಡಿಯ ತುಂಡಿನಿಂದ ಮಾಡಿ ಬುಡಕ್ಕೆ ಕಂದು ಬಣ್ಣ ಮುಟ್ಟಿಸಿದರೆ ನೋಡುಗರ ಕಣ್ಣು ಕಾರನ್ನೂ ಮರೆತು ಅಲ್ಲಿ ನಿಲ್ಲುತ್ತದೆ. 15 ಮೀಟರಿನ ತೆಂಗಿನ ಮರಕ್ಕೆ ಮಾತ್ರ 62 ಸೆಂಟಿಮೀಟರು ಬೇಕು. ಮರವನ್ನು ಕುಳ್ಳಾಗಿಸಿದರೆ ಇಡೀ ದೃಶ್ಯವೇ ಸುಳ್ಳಾಗುವುದರಿಂದ ಅದರ ನೆರಳನ್ನಷ್ಟೇ ನೆಲದ ಮೇಲೆ ಬೀಳಿಸುವ ಇಲ್ಲವೇ ಎಳೆಯ ಸಸಿಯನ್ನು ನೆಡುವ ಉಪಾಯ ಮೇಲು.

ಜಿಲ್ಲೆಯ ಗುಡ್ಡಗಳ ಮೇಲಿನ ಗಾಳಿಯಂತ್ರಗಳನ್ನು ತೋರಿಸುವ ಆಸೆ ಇನ್ನೂ ದೊಡ್ಡ ತೊಡಕು. 80 ಮೀಟರಿನ ಕಂಬಕ್ಕೆ 1:24ರಲ್ಲಿ 3.3 ಮೀಟರು ಬೇಕು. ಕೋಣೆಯ ಸೂರೇ ಅಷ್ಟು ಎತ್ತರವಿರದು. ಇಲ್ಲಿ ಮಾದರಿಕಾರರು ಪ್ರಮಾಣದ ನಿಯಮವನ್ನು ಬೇಕೆಂದೇ ಮುರಿಯುತ್ತಾರೆ. ಮುಂದಿನ ಕಾರು 1:24ರಲ್ಲಿ, ಅದರ ಹಿಂದಿನ ಹೊಲ ಮತ್ತು ಗುಡಿಸಲು 1:43ರಲ್ಲಿ, ದೂರದ ಗುಡ್ಡ ಮತ್ತು ಗಾಳಿಯಂತ್ರ ಅದಕ್ಕಿಂತಲೂ ಎಷ್ಟೋ ಕಿರಿದಾಗಿ. ಒಂದು ಗೊತ್ತಾದ ಕಡೆಯಿಂದ, ಕಾರಿನ ಪಕ್ಕ ನಿಂತ ಮನುಷ್ಯನ ಕಣ್ಣಿನ ಎತ್ತರದಿಂದ ನೋಡಿದಾಗ ಮೂರೂ ಸೇರಿ ಮೈಲುಗಟ್ಟಲೆ ಬಯಲಾಗಿ ಕಾಣುತ್ತವೆ. ಪಕ್ಕಕ್ಕೆ ಸರಿದರೆ ಮಾಯೆ ಬಿಡುತ್ತದೆ. ಆದ್ದರಿಂದ ಇಂಥ ದೃಶ್ಯವನ್ನು ಮೂರು ಕಡೆ ಮುಚ್ಚಿದ ಪೆಟ್ಟಿಗೆಯಲ್ಲಿ ಇಡುತ್ತಾರೆ.

ನೆಲಕ್ಕೆ ಅದೇ ಊರಿನ ಮಣ್ಣನ್ನು ಬಳಸಬಹುದು, ಹಾಗೆಯೇ ಅಲ್ಲ. ಅರ್ಧ ಮಿಲಿಮೀಟರಿನ ಮರಳ ಕಣ 1:24ರಲ್ಲಿ 12 ಮಿ.ಮೀ. ಜಲ್ಲಿಯಾಗುತ್ತದೆ. ಧೂಳಾಗಬೇಕಾದ ಮಣ್ಣನ್ನು ಒಣಗಿಸಿ, ಕುಟ್ಟಿ, ವಸ್ತ್ರಗಾಳಿತ ಮಾಡಬೇಕು. ಹಿರಿಯೂರಿನ ಸುತ್ತ ಕಪ್ಪು ಮಣ್ಣಿನ ಹೊಲಗಳಿವೆ, ಹೊಳಲ್ಕೆರೆ ಮತ್ತು ಹೊಸದುರ್ಗದ ಕಡೆ ಕೆಂಪು ಮಣ್ಣು ಹೆಚ್ಚು. ಹೊಳಲ್ಕೆರೆಯ ಅಡಿಕೆ, ತೆಂಗಿನ ತೋಟದ ಬದಿಯಲ್ಲಿ ನಿಂತ ಜೀಪಿನ ಚಕ್ರಕ್ಕೆ ಕಪ್ಪು ಕೆಸರು ಮೆತ್ತಿದರೆ ಆ ಜೀಪು ಎಲ್ಲಿಂದ ಬಂದಿತೆಂದು ಕಥೆ ಹೇಳಬೇಕಾಗುತ್ತದೆ.

ಕೋಟೆಯ ಬಂಡೆಗಳನ್ನು ಹಿನ್ನೆಲೆಯಾಗಿಸುವವರು ಬೆಟ್ಟದ ಕಲ್ಲಿನ ಚೂರನ್ನೇ ತಂದಿಡುವುದುಂಟು. ಅದು ಸರಿಹೊಂದದು. ಕಲ್ಲು ಕಿರಿದಾದರೂ ಅದರೊಳಗಿನ ಹರಳು ಕಿರಿದಾಗುವುದಿಲ್ಲ, 5 ಮಿ.ಮೀ. ಹರಳು 1:24ರಲ್ಲಿ 12 ಸೆಂ.ಮೀ. ಆಗಿ ಬಂಡೆ ಬರ್ಫಿಯಂತೆ ಕಾಣುತ್ತದೆ. ಥರ್ಮೋಕೋಲ್ ಕೆತ್ತಿ, ಮೇಲೆ ನುಣುಪಾದ ಪ್ಲಾಸ್ಟರ್ ಸವರಿ, ಬೂದು, ಕಂದು, ಮಾಸಲು ಗುಲಾಬಿ ಬಣ್ಣಗಳನ್ನು ಒಂದರ ಮೇಲೊಂದು ತೆಳುವಾಗಿ ಹರಿಸಿದ ಸುಳ್ಳು ಬಂಡೆಯೇ ಹೆಚ್ಚು ನಿಜವೆನಿಸುತ್ತದೆ. ಮಳೆನೀರು ಇಳಿದ ಕಪ್ಪು ಗೆರೆಗಳನ್ನು ಮರೆಯಬಾರದು. ಚಿತ್ರದುರ್ಗದ ಗುಂಡುಗಳ ಗುರುತೇ ಅದು. ವೇದಾವತಿ ನದಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ ಕಟ್ಟಿರುವ ವಾಣಿವಿಲಾಸ ಸಾಗರದಂಥ ದೊಡ್ಡ ರಚನೆಯನ್ನು 1:24ರಲ್ಲಿ ಯೋಚಿಸಲೇಬಾರದು. ಅದರ ಮೇಲಿನ ಮಂಟಪವೊಂದನ್ನೋ ಕಟ್ಟೆಯ ತುಂಡೊಂದನ್ನೋ ಆರಿಸಿಕೊಳ್ಳುವುದು ಜಾಣತನ.

ಹಲಗೆಯ ಅಂಚಿಗೆ ಸಮಾನಾಂತರವಾಗಿ ಕಾರನ್ನು ನಿಲ್ಲಿಸಿದರೆ ದೃಶ್ಯ ಅಂಗಡಿಯ ಕಪಾಟಾಗುತ್ತದೆ. ತುಸು ಓರೆ ಇರಬೇಕು. ಮನುಷ್ಯರಿಗೆ ಏನಾದರೂ ಕೆಲಸವಿರಬೇಕು. ಚಾಲಕ ಬಾನೆಟ್ಟು ಎತ್ತಿ ರೇಡಿಯೇಟರಿಗೆ ನೀರು ಹೊಯ್ಯುತ್ತಿದ್ದರೆ ಬೇಸಗೆಯನ್ನು ಬೇರೆ ಹೇಳಬೇಕಾಗಿಲ್ಲ.

ಕಾಲದ ಹೊಂದಿಕೆ

ಅಳತೆಯಷ್ಟೇ ಕಟ್ಟುನಿಟ್ಟಾಗಿ ನೋಡಬೇಕಾದುದು ಕಾಲ. ಹಳೆಯ ಕಾಲದ ದೃಶ್ಯದಲ್ಲಿ ಹಿರಿಯೂರಿನ ಹೆದ್ದಾರಿ ಕಲ್ಲಿನ ಮೇಲೆ 4 ಎಂಬ ಸಂಖ್ಯೆ ಇರಬೇಕು, ಹೊಳಲ್ಕೆರೆಯದರ ಮೇಲೆ 13. 2010ರಲ್ಲಿ ರಾಷ್ಟ್ರೀಯ ಹೆದ್ದಾರಿಗಳಿಗೆ ಹೊಸ ಸಂಖ್ಯೆಗಳು ಬಂದ ಬಳಿಕ ಅವು ಕ್ರಮವಾಗಿ 48 ಮತ್ತು 369 ಆದವು. ರಾಷ್ಟ್ರೀಯ ಹೆದ್ದಾರಿಯ ಕಿಲೋಮೀಟರ್ ಕಲ್ಲಿನ ನೆತ್ತಿ ಹಳದಿ, ರಾಜ್ಯ ಹೆದ್ದಾರಿಯದು ಹಸಿರು.

ನೋಂದಣಿ ಫಲಕ ಹೆಚ್ಚಿನವರು ಎಡವುವ ಸ್ಥಳ. ಚಿತ್ರದುರ್ಗದ ಸಂಕೇತ ಕೆಎ 16. ಈ ಶತಮಾನದ ಆರಂಭದವರೆಗೆ ಸ್ವಂತ ಕಾರುಗಳಿಗೆ ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರ, ಬಾಡಿಗೆ ವಾಹನಗಳಿಗೆ ಬಿಳಿ ಹಿನ್ನೆಲೆಯಲ್ಲಿ ಕಪ್ಪು ಅಕ್ಷರವಿತ್ತು. ಇಂದು ಸ್ವಂತ ವಾಹನಕ್ಕೆ ಬಿಳಿ, ಬಾಡಿಗೆಯದಕ್ಕೆ ಹಳದಿ ಫಲಕ. ಹಳೆಯ ಅಂಬಾಸಿಡರ್ ಟ್ಯಾಕ್ಸಿಗೆ ಇಂದಿನ ಹಳದಿ ಫಲಕ ಅಂಟಿಸಿದರೆ ಉಳಿದ ಶ್ರಮವೆಲ್ಲ ಅಲ್ಲಿಯೇ ಮುಗ್ಗರಿಸುತ್ತದೆ. ದಾವಣಗೆರೆಯು 1997ರಲ್ಲಿ ಚಿತ್ರದುರ್ಗದಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾದುದನ್ನೂ ಫಲಕ ಬರೆಯುವವರು ನೆನಪಿಡಬೇಕು. ಗೋಡೆಯ ಜಾಹೀರಾತು, ಸಿನಿಮಾ ಪೋಸ್ಟರು, ಅಂಗಡಿಯ ಹಳದಿ ದೂರವಾಣಿ ಫಲಕ, ಲಾರಿಯ ಹಿಂಬದಿಯ ಬರಹ ಇವಕ್ಕೆಲ್ಲ ಮನೆಯ ಹಳೆಯ ಛಾಯಾಚಿತ್ರಗಳೇ ಉತ್ತಮ ಆಧಾರ. ಮದುವೆಯ ಆಲ್ಬಮ್ಮಿನಲ್ಲಿ ದಂಪತಿಗಳ ಹಿಂದೆ ನಿಂತ ಕಾರಿನಿಂದ ಎಷ್ಟೋ ವಿವರಗಳು ಸಿಗುತ್ತವೆ.

ಸಂರಕ್ಷಣೆ

ಮುಗಿದ ಮಾದರಿಗೆ ಧೂಳು, ಬಿಸಿಲು ಮತ್ತು ಹುಳು ಮೂರೂ ಅಪಾಯಕಾರಿ. ನಿಜವಾದ ಧೂಳು ಮಾದರಿಯ ಧೂಳಿನಂತೆ ಕಾಣುವುದಿಲ್ಲ; ಅದರ ಎಳೆಗಳು 1:24ರಲ್ಲಿ ಹಗ್ಗದಷ್ಟು ದಪ್ಪ. ಆದ್ದರಿಂದ ಗಾಜಿನ ಅಥವಾ ಅಕ್ರಿಲಿಕ್ ಪೆಟ್ಟಿಗೆ ಅಗತ್ಯ. ಪೆಟ್ಟಿಗೆಯನ್ನು ನೇರ ಬಿಸಿಲು ಬೀಳುವ ಕಿಟಕಿಯ ಬಳಿ ಇಟ್ಟರೆ ಒಳಗೆ ಶಾಖ ಸೇರಿ ತೆಳುವಾದ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ, ಮುದ್ರಿತ ಫಲಕಗಳ ಬಣ್ಣ ಹಾರುತ್ತದೆ. ದೃಶ್ಯದಲ್ಲಿ ಒಣಹುಲ್ಲು, ಬೇರು, ರೆಂಬೆ, ಮರದ ಪುಡಿಗಳನ್ನು ಬಳಸಿದ್ದರೆ ಮೊದಲೇ ಚೆನ್ನಾಗಿ ಬಿಸಿಲಿಗೆ ಒಣಗಿಸಿ ಕೀಟನಾಶಕ ತಗುಲಿಸಿರಬೇಕು. ಕೆಳಗಿನ ಹಲಗೆಗೆ ಗೆದ್ದಲು ಬಾರದಂತೆ ವಾರ್ನಿಷ್ ಬಳಿದು ಗೋಡೆಯಿಂದ ತುಸು ದೂರ ಇಡುವುದು ರೂಢಿ. ಮಾದರಿಯ ತಳದಲ್ಲಿ ಪ್ರಮಾಣ, ಮೂಲ ವಾಹನದ ತಯಾರಿಕೆಯ ವರ್ಷ, ಅಳತೆ ತೆಗೆದ ಊರು ಮತ್ತು ದಿನಾಂಕಗಳನ್ನು ಬರೆದಿಡುವ ಪದ್ಧತಿಯೂ ಇದೆ. ಅಳತೆಗಳ ಮೂಲ ಟಿಪ್ಪಣಿಯನ್ನು ಪ್ರತ್ಯೇಕ ಲಕೋಟೆಯಲ್ಲಿ ಪೆಟ್ಟಿಗೆಯ ಅಡಿಗೆ ಅಂಟಿಸಿಡುತ್ತಾರೆ.